ಜೇಬು ಹೊರಗಿಟ್ಟ ಐದು ದಿನ

ನನ್ನ ತಮ್ಮ ಅಂಗಿಯ ಒಳಮೈ ಹೊರಗೆ ಮಾಡಿ ತೊಟ್ಟುಕೊಂಡು, ಪ್ಯಾಂಟಿನ ಎರಡೂ ಜೇಬುಗಳನ್ನು ಮೊಲದ ಕಿವಿಯ ಹಾಗೆ ಹೊರಕ್ಕೆಳೆದುಕೊಂಡು ಕೆಲಸಕ್ಕೆ ಬಂದ ಮೊದಲ ದಿನ ನಮ್ಮ ಬೈಂಡಿಂಗ್ ಅಂಗಡಿಗೆ ಹನ್ನೊಂದು ಜನ ಬಂದರು. ಮಾಮೂಲಿಯಾಗಿ ನಾಲ್ವರು ಬಂದರೆ ಹೆಚ್ಚು. ಉಳಿದ ಏಳು ಮಂದಿ ಅವನನ್ನು ನೋಡಲೆಂದೇ ಬಂದವರು.

"ಏನಪ್ಪಾ ಇದು ಅವತಾರ?" ಎಂದು ಪಕ್ಕದ ಕನ್ನಡಕದ ಅಂಗಡಿಯವರು ಕೇಳಿದರು.

"ಅಕ್ಕ ದಿನಾ ನನ್ನ ಜೇಬು ತಡಕಬೇಕಲ್ಲ. ಪಾಪ, ಕೈ ಒಳಗೆ ಹಾಕೋ ಕಷ್ಟ ಯಾಕೆ ಅಂತ," ಎಂದ ತಮ್ಮ, ನನ್ನ ಕಡೆ ನೋಡದೆ ದಬ್ಬಳಕ್ಕೆ ದಾರ ಪೋಣಿಸುತ್ತ.

ಕನ್ನಡಕದವರು ತಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು. ನಾನು ಅಂಟಿನ ಡಬ್ಬಿಯೊಳಗೆ ಮುಖವಿಟ್ಟು ಕಲಕಿದ್ದೇ ಕಲಕಿದ್ದು.

ಇಷ್ಟಕ್ಕೆಲ್ಲ ಕಾರಣ ಒಂದು ಸ್ಟ್ರಿಪ್ಪು ಮಾತ್ರೆ. ಅದು ನನ್ನ ಮಗಳದು.

ಮಗಳಿಗೆ ಹನ್ನೆರಡು ವರ್ಷ. ಮನೆಯಲ್ಲಿ ಎಲ್ಲರೂ ಅವಳನ್ನು ಬುಗುರಿ ಎನ್ನುವುದು. ಆ ಹೆಸರಿಟ್ಟವನು ಅವಳ ಮಾಮ, ಅಂದರೆ ಈ ನನ್ನ ತಮ್ಮನೇ. ಹಲ್ಲುಜ್ಜಲು ಹೋದವಳು ಬ್ರಷ್ಷು ಬಾಯಲ್ಲಿರುವಾಗಲೇ ಬೀದಿಯ ಬೆಕ್ಕನ್ನು ಹಿಂಬಾಲಿಸಿ, ಅರ್ಧ ಗಂಟೆಯ ನಂತರ ಬೆಕ್ಕಿಲ್ಲದೆ, ಬ್ರಷ್ಷಿಲ್ಲದೆ, ಒಂದೇ ಚಪ್ಪಲಿಯಲ್ಲಿ ವಾಪಸು ಬರುವವಳು. ವಿಜ್ಞಾನದ ಪರೀಕ್ಷೆಯಲ್ಲಿ ಏಳನೇ ಪ್ರಶ್ನೆಗೆ ಆರು ಪುಟ ಉತ್ತರ ಬರೆದಳು. ಟೀಚರು ಅದನ್ನು ಬೇರೆ ಮಕ್ಕಳಿಗೆ ಓದಿ ಹೇಳಿದರಂತೆ. ಉಳಿದ ಒಂಬತ್ತು ಪ್ರಶ್ನೆಗಳ ಜಾಗ ಹಾಗೇ ಬೆಳ್ಳಗಿತ್ತು. ಬೈದೆವು, ಮುದ್ದು ಮಾಡಿದೆವು, ಟಿವಿ ಬಂದ್ ಮಾಡಿದೆವು. ಕೊನೆಗೆ ಶಾಲೆಯವರೇ ಆಸ್ಪತ್ರೆಯ ಮನೋವೈದ್ಯೆಗೊಂದು ಚೀಟಿ ಬರೆದುಕೊಟ್ಟರು.

ನಮ್ಮವರು ದೂರದ ಬಸ್ಸಿನ ಡ್ರೈವರು. ಎರಡು ದಿನ ರಸ್ತೆಯ ಮೇಲೆ, ಒಂದು ದಿನ ಹಾಸಿಗೆಯ ಮೇಲೆ. ಹಾಗಾಗಿ ಜೊತೆಗೆ ಬಂದವನು ತಮ್ಮ. ಆಗ ಅವನು ಕುಡಿತ ಬಿಡಿಸುವ ಕೇಂದ್ರದಿಂದ ಬಂದು ಐದು ತಿಂಗಳಾಗಿತ್ತು. ಮಾತಾಡದೆ ಕೂತಿರಬೇಕೆಂದು ಹೇಳಿ ಕರೆದುಕೊಂಡು ಹೋಗಿದ್ದೆ.

"ಪ್ರಶ್ನೆ ಮುಗಿಯೋ ಮುಂಚೇನೇ ಉತ್ತರ..." ಎಂದು ಡಾಕ್ಟರಮ್ಮ ಶುರು ಮಾಡಿದರು.

"ಹೌದು," ಎಂದ ತಮ್ಮ.

"ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಕೈ ಹಾಕೋದು?"

"ಅರ್ಧದವರೆಗೆ ಬಂದ್ರೆ ತಾನೆ ಡಾಕ್ಟ್ರೇ. ಕಾಲು ಭಾಗಕ್ಕೇ ಬಿಟ್ಟಾಗಿರುತ್ತೆ."

"ಕೂತಲ್ಲಿ ಕೂರಕ್ಕಾಗಲ್ಲ, ಕಾಲು ಅಲ್ಲಾಡಿಸ್ತಾ ಇರೋದು?"

ತಮ್ಮ ತನ್ನ ಕಾಲನ್ನು ನೋಡಿಕೊಂಡ. ಅದರ ಅಲ್ಲಾಟಕ್ಕೆ ಡಾಕ್ಟರ ಮೇಜಿನ ಮೇಲಿನ ನೀರಿನ ಲೋಟ ಆಗಲೇ ಸಣ್ಣಗೆ ನಡುಗುತ್ತಿತ್ತು. ಅದೇ ಹೊತ್ತಿಗೆ ಬುಗುರಿ ಮೇಜಿನ ಕೆಳಗೆ ಹೋಗಿ ತೂಕದ ಯಂತ್ರದ ಮೇಲೆ ಒಂದೇ ಕಾಲಿಟ್ಟು ತೂಕ ನೋಡುತ್ತಿದ್ದಳು.

"ನಾನು ಕೇಳ್ತಿರೋದು ಮಗುವಿನ ವಿಷಯ," ಎಂದರು ಡಾಕ್ಟರು.

"ಓ. ನಾನು ನನ್ನದು ಅನ್ಕೊಂಡೆ."

ಅವರು ಪೆನ್ನು ಕೆಳಗಿಟ್ಟು, ಕುರ್ಚಿಯನ್ನು ಅವನ ಕಡೆ ತಿರುಗಿಸಿದರು. ಮೊದಲ ಸಿಗರೇಟು ಯಾವ ವಯಸ್ಸಿಗೆ ಎಂದು ಕೇಳಿದರು. ಹದಿನಾಲ್ಕಕ್ಕೆ. ಮೊದಲ ಕುಡಿತ? ಹದಿನೇಳಕ್ಕೆ. ಕುಡಿದಾಗ ಹೇಗನ್ನಿಸಿತು? ಕೇಂದ್ರದಲ್ಲಿ ಇದನ್ನು ಯಾರೂ ಕೇಳಿರಲಿಲ್ಲವಂತೆ. ಎಷ್ಟು ಕುಡಿದೆ, ಎಷ್ಟು ಸಲ ಕುಡಿದೆ ಎಂದಷ್ಟೇ ಕೇಳಿದ್ದರಂತೆ. ತಮ್ಮನ ಕಾಲು ಅಲ್ಲಾಡುವುದನ್ನು ನಿಲ್ಲಿಸಿತು.

"ನನ್ನ ತಲೇಲಿ ಹತ್ತು ರೇಡಿಯೊ ಇದ್ದಾವೆ ಡಾಕ್ಟ್ರೇ. ಎಲ್ಲಾ ಒಟ್ಟಿಗೆ ಹಾಡ್ತಾ ಇರ್ತವೆ. ಅವತ್ತು ಎರಡನೇ ಗ್ಲಾಸಿಗೆ ಒಂಬತ್ತು ಆಫ್ ಆದ್ವು. ಓ, ಬೇರೆಯವರೆಲ್ಲ ಇಷ್ಟು ಆರಾಮಾಗಿ ಬದುಕ್ತಿದ್ದಾರಾ ಅನ್ನಿಸ್ತು. ಆಮೇಲೆ ಮಾರನೇ ದಿನ ಹದಿನೈದು ಹಾಡೋಕೆ ಶುರು ಮಾಡಿದ್ವು. ಅದು ಬೇರೆ ಕಥೆ."

ಮೇಜಿನ ಕೆಳಗಿನಿಂದ ಬುಗುರಿಯ ದನಿ ಬಂತು. "ನಂಗೂ ಇದ್ದಾವೆ ಮಾಮ. ನಂದು ಹನ್ನೆರಡು."

ಡಾಕ್ಟರಮ್ಮ ನಕ್ಕರು. ನನಗೆ ನಗು ಬರಲಿಲ್ಲ. ಹದಿನಾಲ್ಕಕ್ಕೆ ಇನ್ನೆಷ್ಟು ವರ್ಷ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಅದು ಬೆರಳು ಮಡಚುವಷ್ಟು ದೊಡ್ಡ ಲೆಕ್ಕವೂ ಆಗಿರಲಿಲ್ಲ.

ಮಾತ್ರೆ ಬರೆದುಕೊಡುತ್ತೇನೆ ಎಂದಾಗ ನಾನು ಪರ್ಸನ್ನು ಎದೆಗವಚಿಕೊಂಡೆ. "ಒಂದು ಚಟ ಬಿಡಿಸೋಕೆ ನಮ್ಮ ಜೀವ ಹೋಗಿದೆ ಡಾಕ್ಟ್ರೇ. ಮಗೂಗೆ ಈಗಲೇ ಮಾತ್ರೆ ರೂಢಿ ಮಾಡಿಸೋದಾ?"

"ಎಲ್ಲಾ ತಾಯಂದಿರೂ ಇದನ್ನೇ ಕೇಳ್ತಾರೆ," ಎಂದರು ಅವರು. "ವೈದ್ಯರು ಹೇಳಿದ ಹಾಗೆ ಕೊಟ್ರೆ, ಈ ಮಾತ್ರೆಯಿಂದ ಮುಂದೆ ಚಟ ಹತ್ತುತ್ತೆ ಅನ್ನೋದಕ್ಕೆ ಆಧಾರ ಸಿಕ್ಕಿಲ್ಲ. ಏನೂ ಮಾಡದೆ ಸುಮ್ನೆ ಬೈದು ಬೆಳೆಸಿದ ಮಕ್ಕಳು ಏನು ಮಾಡ್ತಾರೆ ಅಂತ ಬೇಕಿದ್ರೆ ಇವರನ್ನ ಕೇಳಿ. ತಮ್ಮ ಔಷಧ ತಾವೇ ಹುಡುಕಿಕೊಂಡ್ರು, ಅಷ್ಟೇ. ಅಂಗಡಿ ತಪ್ಪಾಯ್ತು."

ತಮ್ಮ ತಲೆಯಾಡಿಸಿದ. "ಅಂಗಡಿಯವನು ಒಳ್ಳೆಯವನೇ," ಎಂದು ಸೇರಿಸಿದ.

ಈ ಮಾತ್ರೆಯನ್ನು ನಶೆಗೂ ನುಂಗುವವರಿದ್ದಾರೆ, ಬೀಗದಲ್ಲಿಡಿ, ನೀವೇ ನಿಮ್ಮ ಕೈಯಾರೆ ಕೊಡಿ ಎಂದರು. ಯಾರ ಮೇಲೂ ಅನುಮಾನದಿಂದಲ್ಲ, ನಾಳೆ ಯಾರೂ ಯಾರ ಕಡೆಯೂ ಬೆರಳು ತೋರಿಸದಿರಲಿ ಎಂದು. ಕೊನೆಗೆ ನನ್ನ ಕೈಗೂ ಒಂದು ಪ್ರಶ್ನೆಗಳ ಹಾಳೆ ಕೊಟ್ಟರು. "ಗಮನ ಒಂದು ಕಡೆ ನಿಲ್ಲದ ಈ ತೊಂದರೆ ಮನೆತನದಲ್ಲಿ ಹರಿದು ಬರೋದುಂಟು. ನೀವೂ ತುಂಬಿಸಿ ತನ್ನಿ."

"ನಂಗೇನಾಗಿದೆ? ನಾನು ಒಂದೇ ಹೊತ್ತಿಗೆ ನಾಲ್ಕು ಕೆಲಸ ಮಾಡ್ತೀನಿ."

"ಅದಕ್ಕೇ," ಎಂದರು.

ಮುಂದಿನ ತಿಂಗಳು ಆ ಹಾಳೆ ಎಲ್ಲಿ ಎಂದು ಕೇಳಿದಾಗ, ನೀವು ಕೊಡಲೇ ಇಲ್ಲವಲ್ಲ ಎಂದೆ. ಇನ್ನೊಂದು ಕೊಟ್ಟರು. ಅದರ ಮುಂದಿನ ತಿಂಗಳು, ಎರಡನೆಯದನ್ನೂ ಕೊಡಲಿಲ್ಲ ಎಂದು ಅವರೊಂದಿಗೆ ಬಹಳ ಮರ್ಯಾದೆಯಿಂದ ವಾದಿಸಿದೆ.

ಮಾತ್ರೆಯಿಂದ ಬುಗುರಿ ಬುಗುರಿಯೇ ಆಗಿ ಉಳಿದಳು. ಆದರೆ ತಿರುಗುವಾಗ ಒಂದು ಜಾಗದಲ್ಲಿ ನಿಂತು ತಿರುಗತೊಡಗಿದಳು. ಪರೀಕ್ಷೆಯಲ್ಲಿ ಎಂಟು ಪ್ರಶ್ನೆಗೆ ಉತ್ತರ ಬರೆದಳು. ಎರಡೂ ಚಪ್ಪಲಿಯಲ್ಲಿ ಮನೆಗೆ ಬಂದಳು. ನಾನು ಮಾತ್ರೆಗಳನ್ನು ಅಂಗಡಿಯ ಕಬ್ಬಿಣದ ಬೀರುವಿನಲ್ಲಿ, ಕಟಿಂಗ್ ಮೆಷಿನ್ನಿನ ಅಲಗುಗಳ ಪಕ್ಕದಲ್ಲಿ ಇಟ್ಟಿದ್ದೆ. ನಮ್ಮ ಮನೆ ಅಂಗಡಿಯ ಹಿಂಭಾಗದಲ್ಲೇ. ಬೀರುವಿನ ಕೀಲಿಯೂ ಮೆಷಿನ್ನಿನ ಕೀಲಿಯೂ ನನ್ನ ಸೊಂಟದಲ್ಲಿ.

ಆ ಮೆಷಿನ್ನಿನ ಬಗ್ಗೆ ಒಂದು ಮಾತು ಹೇಳಬೇಕು. ಅಪ್ಪನ ಕಾಲದ್ದು, ದೊಡ್ಡ ಚಕ್ರ, ಭಾರದ ಅಲಗು. ಪುಸ್ತಕದ ಅಂಚು ಕತ್ತರಿಸುವುದರಲ್ಲಿ ತಮ್ಮನಂಥ ಕೈ ನಮ್ಮ ಬೀದಿಯಲ್ಲೇ ಇರಲಿಲ್ಲ. ಕುಡಿತದ ದಿನಗಳಲ್ಲಿ ಒಂದು ಕಾಲೇಜಿನ ವಾರ್ಷಿಕ ಸಂಚಿಕೆಯ ನಲವತ್ತು ಪ್ರತಿಗಳಲ್ಲಿ ಪ್ರತಿ ಸಾಲಿನ ಕೊನೆಯ ಅಕ್ಷರವನ್ನೂ ಅಂಚಿನ ಜೊತೆಗೇ ಕತ್ತರಿಸಿ ಕೊಟ್ಟ. ಪ್ರಿನ್ಸಿಪಾಲರ ಸಂದೇಶವನ್ನು ಜನ ಊಹಿಸಿಕೊಂಡು ಓದಿದರು. ಮೊದಲಿಗಿಂತ ಚೆನ್ನಾಗಿತ್ತು ಎಂದವರೂ ಇದ್ದರು. ನನಗೆ ಮಾತ್ರ ಮುಂದಿನ ಸಲ ಅಕ್ಷರದ ಬದಲು ಬೆರಳು ಎಂದು ಭಯ. ಮೆಷಿನ್ನಿಗೆ ಬೀಗ ಹಾಕಿದೆ. ಕೇಂದ್ರದಿಂದ ಬಂದ ದಿನ ಹೇಳಿದೆ: "ಒಂದು ವರ್ಷ ಮುಟ್ಟದೆ ಇರು. ಆಮೇಲೆ ಕೀಲಿ ನಿಂದು." ಅವನು ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಹಾಕುತ್ತಿದ್ದ. ಕೆಲವು ದಿನ ಮರೆತು, ಮರುದಿನ ಎರಡು ಹಾಕುತ್ತಿದ್ದ.

ಒಂಬತ್ತನೇ ತಿಂಗಳಲ್ಲಿ ಸ್ಟ್ರಿಪ್ಪು ಮಾಯವಾಯಿತು.

ಹತ್ತು ಮಾತ್ರೆಯ ಹೊಸ ಸ್ಟ್ರಿಪ್ಪು. ಹಿಂದಿನ ದಿನ ಬೆಳಿಗ್ಗೆ ಒಂದು ಮಾತ್ರೆ ಬುಗುರಿಗೆ ಕೊಟ್ಟದ್ದು ನನಗೆ ಚೆನ್ನಾಗಿ ನೆನಪಿತ್ತು. ಬೀರುವಿಗೆ ಬೀಗ ಹಾಕಿದ್ದೂ ನೆನಪಿತ್ತು. ಮರುದಿನ ತೆರೆದರೆ ಒಂಬತ್ತು ಮಾತ್ರೆ ಉಳಿದಿದ್ದ ಆ ಸ್ಟ್ರಿಪ್ಪು ಇಲ್ಲ. ಬೀಗ ಹಾಗೇ ಇದೆ.

ನಾನು ಯಾರಿಗೂ ಹೇಳಲಿಲ್ಲ. ಇನ್ನೊಂದು ಸ್ಟ್ರಿಪ್ಪಿನಿಂದ ಮಗಳಿಗೆ ಕೊಟ್ಟು, ತಮ್ಮನ ಮೇಲೆ ಕಣ್ಣಿಟ್ಟೆ. ಅನುಮಾನ ಒಮ್ಮೆ ಬಂತೆಂದರೆ ಅದಕ್ಕೆ ಬೇಕಾದ ಸಾಕ್ಷಿಯನ್ನು ಎಲ್ಲರೂ ಓಡಿ ಬಂದು ಒದಗಿಸುತ್ತಾರೆ. ಅವನು ಬಾಯಲ್ಲಿ ಸದಾ ಲವಂಗ ಅಗಿಯುತ್ತಿದ್ದ: ಏನೋ ವಾಸನೆ ಮುಚ್ಚುತ್ತಿದ್ದಾನೆ. ಹಿಂದೆಂದೂ ಇಲ್ಲದ ಹಾಗೆ ಒಂದೇ ದಿನ ಹದಿನಾಲ್ಕು ಪುಸ್ತಕಕ್ಕೆ ರಟ್ಟು ಕಟ್ಟಿದ: ಮಾತ್ರೆಯ ಜೋರು. ಮಧ್ಯಾಹ್ನ ಎರಡು ಸಲ ಹಿತ್ತಿಲಿಗೆ ಹೋಗಿ ಸುಮ್ಮನೆ ನಿಂತು ಬಂದ: ನುಂಗಿ ಬಂದ. ಆ ವಾರವೆಲ್ಲ ನನ್ನ ಮನಸ್ಸು ಕೆಲಸದಲ್ಲಿರಲಿಲ್ಲ. ಲೈಬ್ರರಿಗೆ ಹತ್ತು ವರ್ಷದ ಹವಾಮಾನ ವರದಿಗಳ ಹತ್ತು ಸಂಪುಟ ಕಟ್ಟಿಕೊಡುವುದಿತ್ತು. ಅದರಲ್ಲೊಂದು ಹೊಟ್ಟೆ ಉಬ್ಬಿಸಿಕೊಂಡು ಮುಚ್ಚಲೊಲ್ಲದು. ಕಾಗದಕ್ಕೆ ಥಂಡಿ ಹಿಡಿದಿದೆ ಎಂದು ಬೈದು, ಅದನ್ನು ಒತ್ತುಯಂತ್ರದಲ್ಲಿ ಎರಡು ದಿನ ಹೆಚ್ಚಿಗೆ ಹಿಂಡಿಟ್ಟು, ಅಂಚು ಕತ್ತರಿಸಿ ಕಳಿಸಿದೆ.

ಸಂಪುಟಗಳು ಹೋದ ಸಂಜೆ, ಹದಿಮೂರನೆಯದೋ ಹದಿನಾಲ್ಕನೆಯದೋ ಟೀ ಕುಡಿದಿಟ್ಟು, ಕೇಳಿಯೇ ಬಿಟ್ಟೆ.

"ಬೀರುವಿಂದ ಏನಾದ್ರೂ ತಗೊಂಡ್ಯಾ?"

"ಬೀರು ಕೀಲಿ ನಿನ್ನ ಹತ್ರ ಅಲ್ವಾ ಅಕ್ಕ?"

"ನಾನು ನಿದ್ದೆ ಮಾಡುವಾಗ ಕೀಲಿ ಮೊಳೆಗೆ ಹಾಕಿರ್ತೀನಿ. ಅದು ನಿನಗೂ ಗೊತ್ತು."

ಅವನು ಅಗಿಯುವುದನ್ನು ನಿಲ್ಲಿಸಿದ. "ಬುಗುರಿ ಮಾತ್ರೆಯಾ?"

ನಾನು ಉತ್ತರಿಸುವ ಬದಲು ಮಾಡಬಾರದ್ದನ್ನು ಮಾಡಿದೆ. ಎದ್ದು ಹೋಗಿ ಅವನ ಅಂಗಿಯ ಜೇಬಿಗೆ ಕೈ ಹಾಕಿದೆ. ಒಂದು ಲವಂಗದ ಪೊಟ್ಟಣ, ಒಂದು ಪೆನ್ಸಿಲ್ ತುಂಡು. ಪ್ಯಾಂಟಿನ ಜೇಬುಗಳಲ್ಲಿ ದಾರದ ಉಂಡೆ, ಬುಗುರಿಯ ಹೇರ್‌ಕ್ಲಿಪ್ಪು. ಬಾಗಿಲಲ್ಲಿ ನಿಂತು ಬುಗುರಿ ನೋಡುತ್ತಿದ್ದಳು.

"ಲವಂಗ ಯಾಕೆ?" ಎಂದೆ, ಏನಾದರೂ ಕೇಳಬೇಕಲ್ಲ ಎಂದು.

"ಸಿಗರೇಟು ಬಿಟ್ಟೆ. ಎಂಟು ದಿನ ಆಯ್ತು. ಹತ್ತು ದಿನ ಆದ್ಮೇಲೆ ಹೇಳಿ ನಿನ್ನ ಬೆರಗು ಮಾಡೋಣ ಅಂತಿದ್ದೆ," ಎಂದು, ಲವಂಗದ ಪೊಟ್ಟಣವನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಹೋದ.

ಮರುದಿನ ಬೆಳಿಗ್ಗೆ ಮೊಲದ ಕಿವಿಗಳೊಂದಿಗೆ ಬಂದ.

ಎರಡನೇ ದಿನ ಬುಗುರಿಯೂ ಯೂನಿಫಾರಂ ತಿರುಗಿಸಿ ಹಾಕಿಕೊಂಡು ಶಾಲೆಗೆ ಹೊರಟಳು. "ನನ್ನನ್ನೂ ತಡಕಿ ಬಿಡಮ್ಮ, ಆಮೇಲೆ ಲೇಟಾಗುತ್ತೆ," ಎಂದಳು. ಮೂರನೇ ದಿನ ಹೊಲಿಗೆ ಯಂತ್ರದ ರಿಪೇರಿಗೆ ಬಂದವನು, ಇದೇನು ಹೊಸ ಫ್ಯಾಷನ್ನಾ ಎಂದು ಕೇಳಿ, ಹೌದೆಂದದ್ದಕ್ಕೆ ನಂಬಿಕೊಂಡು ಹೋದ. ಅಂಗಡಿಯಲ್ಲಿ ತಮ್ಮ ನನ್ನೊಂದಿಗೆ ಮಾತು ಬಿಡಲಿಲ್ಲ, ಬಿಟ್ಟಿದ್ದರೆ ಸುಖವಿತ್ತು. ಪ್ರತಿ ಸಲ ಹಿತ್ತಿಲಿಗೆ ಹೋಗುವಾಗಲೂ ಎರಡೂ ಕೈ ಮೇಲೆತ್ತಿ, "ಅಕ್ಕ, ಹೋಗ್ತಿದೀನಿ, ನೋಡ್ಕೊ," ಎನ್ನುತ್ತಿದ್ದ. ಬರುವಾಗ ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸುತ್ತಿದ್ದ. ಊಟಕ್ಕೆ ಕೂತಾಗ ಅವನ ತಟ್ಟೆಗೆ ನಾನು ಬಡಿಸಿದ್ದನ್ನು ಬುಗುರಿಗೆ ತೋರಿಸಿ, "ಸಾಕ್ಷಿ ಇರು, ಇಷ್ಟೇ ತಗೊಂಡಿದೀನಿ," ಎನ್ನುತ್ತಿದ್ದ.

ನಗುತ್ತಿದ್ದ. ಆದರೆ ನಾನು ಅವನ ಅಕ್ಕ. ಕ್ಯಾಲೆಂಡರಿನಲ್ಲಿ ಐದು ದಿನದಿಂದ ಗೀಟು ಬಿದ್ದಿರಲಿಲ್ಲ, ಅದನ್ನು ನೋಡಿದ್ದೆ. ಮರೆತಿರುವುದಾದರೆ ಮರುದಿನ ಎರಡು ಹಾಕುತ್ತಿದ್ದ. ಇದು ಮರೆವಲ್ಲ.

ಐದನೇ ದಿನ ಮಧ್ಯಾಹ್ನ ನಾನು ಒಳಗೆ ಟೀ ಇಟ್ಟು ಬರುವಷ್ಟರಲ್ಲಿ ಅವನು ಇರಲಿಲ್ಲ. ದಬ್ಬಳ ಅರ್ಧ ಹೊಲಿದ ಪುಸ್ತಕದಲ್ಲೇ ಚುಚ್ಚಿಕೊಂಡಿತ್ತು. ಹಿತ್ತಿಲಲ್ಲಿಲ್ಲ, ಕನ್ನಡಕದ ಅಂಗಡಿಯಲ್ಲಿಲ್ಲ. ಫೋನು ಮೇಜಿನ ಮೇಲೇ ಇತ್ತು. ಒಂದು ಗಂಟೆ ಕಾದೆ. ಆಮೇಲೆ ಅಂಗಡಿಯ ಬಾಗಿಲೆಳೆದು, ಅಂಟು ಮೆತ್ತಿದ ಏಪ್ರನ್ನಿನಲ್ಲೇ, ಬೀದಿಯ ಮೂಲೆಯ ಬಾರಿಗೆ ನಡೆದೆ. ನನ್ನ ಜೀವಮಾನದಲ್ಲಿ ಅದರೊಳಗೆ ಕಾಲಿಟ್ಟವಳಲ್ಲ. ಹೊರಗೆ ನಿಂತು ಅವನನ್ನು ಕರೆದದ್ದು ಮಾತ್ರ ಎಷ್ಟು ಸಲವೋ.

ಹಗಲು ಹೊತ್ತು, ಒಳಗೆ ಮೂರು ಜನರಿದ್ದರು. ನನ್ನನ್ನು ಕಂಡು ಮೂವರೂ ಗ್ಲಾಸುಗಳನ್ನು ಮೇಜಿನ ಕೆಳಗಿಳಿಸಿದರು. ಅವರ ಮನೆಯಲ್ಲೂ ನನ್ನಂಥವಳು ಇರಬೇಕು.

"ನನ್ನ ತಮ್ಮ ಬಂದಿದ್ನಾ?"

ಬಾರಿನವನು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ನಿಂತ. "ಇಲ್ಲಮ್ಮ. ಒಂಬತ್ತು ತಿಂಗಳಾಯ್ತು. ಅವರ ಕುರ್ಚಿ ಬೆಕ್ಕಿಗೆ ಕೊಟ್ಟಿದೀವಿ." ನಿಜವಾಗಿಯೂ ಕಿಟಕಿ ಪಕ್ಕದ ಕುರ್ಚಿಯಲ್ಲಿ ಬೆಕ್ಕೊಂದು ಮಲಗಿತ್ತು, ಬುಗುರಿ ಹಿಂಬಾಲಿಸುವ ಬೆಕ್ಕೇ ಇರಬೇಕು. "ಮೊನ್ನೆ ರಸ್ತೆ ಆಚೆ ಬಂದು ನಿಂತಿದ್ರು. ಬಹಳ ಹೊತ್ತು. ನಾವು ಜೇಬು ನೋಡಿ ನಕ್ಬಿಟ್ವಿ. ಅವರು ಕೆಳಗೆ ನೋಡ್ಕೊಂಡು, ಅವರೂ ನಕ್ಕು, ಹೊರಟು ಹೋದ್ರು."

"ಬಹಳ ಹೊತ್ತು ಅಂದ್ರೆ?"

"ಒಂದು ಬಸ್ಸು ಬಂದು ಹೋಗಿ, ಇನ್ನೊಂದು ಬರೋವರೆಗೆ."

ನಮ್ಮ ಬೀದಿಗೆ ಬಸ್ಸು ಮುಕ್ಕಾಲು ಗಂಟೆಗೊಂದು. ನಾನು ಹೊರಗೆ ಬಂದು, ಅವನು ನಿಂತಿದ್ದ ಜಾಗದಲ್ಲಿ ಒಂದು ಕ್ಷಣ ನಿಂತು ನೋಡಿದೆ. ಮುಕ್ಕಾಲು ಗಂಟೆ ಅಲ್ಲಿ ನೋಡಲು ಬೇರೇನೂ ಇರಲಿಲ್ಲ. ಆ ಬಾಗಿಲು, ಅಷ್ಟೇ.

ಅಲ್ಲಿಗೇ ಬುಗುರಿ ಓಡಿಬಂದಳು. ಶಾಲೆಯಿಂದ ಬರುತ್ತಿದ್ದಾಳೆ, ಬ್ಯಾಗು ಒಂದೇ ಹೆಗಲಿಗೆ. "ಅಮ್ಮಾ, ಮಾಮ ಲೈಬ್ರರೀಲಿ ನೆಲದ ಮೇಲೆ ಕೂತಿದಾನೆ. ಕಿಟಕೀಲಿ ಕಂಡ. ಲೈಬ್ರರಿ ತಾತ ಬೈತಿದಾರೆ."

ಲೈಬ್ರರಿಯವರು ನಿವೃತ್ತಿಗೆ ಹತ್ತಿರವಾದ, ತೆಳ್ಳಗಿನ ಮನುಷ್ಯ. ನಲವತ್ತು ವರ್ಷ ಪಿಸುಗುಟ್ಟಿ ಪಿಸುಗುಟ್ಟಿ ಅವರ ಪಿಸುಮಾತು ಈಗ ಮೂರು ಕೋಣೆಗೆ ಕೇಳಿಸುತ್ತದೆ. ನಾವು ಒಳಗೆ ಹೋದಾಗ ತಮ್ಮ ಕೊನೆಯ ಕಪಾಟಿನ ಮುಂದೆ, ತಿರುವಿದ ಅಂಗಿಯಲ್ಲಿ, ಹವಾಮಾನ ವರದಿಗಳನ್ನು ಸುತ್ತ ಹರಡಿಕೊಂಡು ಕೂತಿದ್ದ.

"ನೋಡಮ್ಮ ಇವರನ್ನ," ಎಂದು ಅವರು ಪಿಸುಗುಟ್ಟಿದರು. "ಹತ್ತು ವರ್ಷದ ಮಳೆ ಬಿಸಿಲು ಒಂದೇ ದಿನದಲ್ಲಿ ಓದ್ತೀನಿ ಅಂತಾರೆ."

ತಮ್ಮ ತಲೆಯೆತ್ತಲಿಲ್ಲ. "ಅಕ್ಕ, ಹೊಟ್ಟೆ ಉಬ್ಬಿದ್ದು ಯಾವ ವರ್ಷದ್ದು?"

"ಏನು?"

"ಕಾಗದಕ್ಕೆ ಥಂಡಿ ಅಂತ ಬೈದ್ಯಲ್ಲ. ಇವತ್ತು ಹೊಲೀತಾ ಇದ್ದಾಗ ಹೊಳೀತು. ಉಳಿದ ಒಂಬತ್ತಕ್ಕಿಲ್ಲದ ಥಂಡಿ ಅದೊಂದಕ್ಕೆ ಎಲ್ಲಿಂದ ಬಂತು?"

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಕಾಲಿನಿಂದ ಮೇಲಕ್ಕೆ, ನಿಧಾನವಾಗಿ ಅರ್ಥವಾಯಿತು.

ವರದಿಗಳು ತಿಂಗಳಿಗೊಂದು ತೆಳು ಸಂಚಿಕೆ. ಹನ್ನೆರಡನ್ನು ಕ್ರಮವಾಗಿ ಜೋಡಿಸಿ, ಒಟ್ಟಿಗೆ ತೂತು ಕೊರೆದು ಹೊಲಿದರೆ ಒಂದು ವರ್ಷ. ಜೋಡಿಸುವಾಗ ಯಾರಾದರೂ ಕರೆದರೆ ಎಲ್ಲಿಗೆ ನಿಲ್ಲಿಸಿದೆನೆಂದು ನನಗೆ ಮರೆಯುತ್ತದೆ. ಅದಕ್ಕೆ ಕೈಯಲ್ಲಿ ಏನಿರುತ್ತದೋ ಅದನ್ನೇ ಗುರುತಿಗೆ ಸಿಕ್ಕಿಸುತ್ತೇನೆ. ಇಪ್ಪತ್ತು ವರ್ಷದ ಅಭ್ಯಾಸ. ಆ ಬೆಳಿಗ್ಗೆ ಬುಗುರಿಗೆ ಮಾತ್ರೆ ಕೊಟ್ಟೆ. ಕೊಟ್ಟು, ಬೀರುವಿಗೆ ಬೀಗ ಹಾಕಿದೆ. ಸ್ಟ್ರಿಪ್ಪನ್ನು ಒಳಗಿಟ್ಟು ಹಾಕಿದೆನೋ, ಕೈಯಲ್ಲಿ ಹಿಡಿದುಕೊಂಡೇ ಹಾಕಿದೆನೋ? ಮೇಜಿಗೆ ಬಂದು ಜೋಡಿಸತೊಡಗಿದೆ. ಆಗ ಬಾಗಿಲಲ್ಲಿ ರಟ್ಟಿನ ಗಾಡಿಯವನು ಕೂಗಿದ.

"ಎಂಟನೇದು," ಎಂದೆ. ನನ್ನ ದನಿ ಲೈಬ್ರರಿಗೆ ತಕ್ಕ ಹಾಗೆ ಇತ್ತು.

ತಮ್ಮ ಎಂಟನೇ ಸಂಪುಟವನ್ನು ತೊಡೆಯ ಮೇಲಿಟ್ಟು ತೆರೆದ. ಜೂನಿಗೂ ಜುಲೈಗೂ ನಡುವೆ ಅದು ಬೆಳ್ಳಗೆ ಹೊಳೆಯುತ್ತ ಮಲಗಿತ್ತು. ಒತ್ತುಯಂತ್ರದ ಭಾರಕ್ಕೆ ಮಾತ್ರೆಗಳು ಚಪ್ಪಟೆಯಾಗಿ ಪುಡಿಯಾಗಿದ್ದವು. ಮೇಲಿನ ಅಂಚಿನಲ್ಲಿ ಸ್ಟ್ರಿಪ್ಪಿನ ತುದಿ ಪುಟದ ಜೊತೆ ಒಂದೇ ಸಮನೆ, ಬಹಳ ನೀಟಾಗಿ ಕತ್ತರಿಸಿಹೋಗಿತ್ತು.

ಬುಗುರಿ ಬೆರಳಿಟ್ಟು ಎಣಿಸಿದಳು. "ಎಂಟೂವರೆ."

"ಉಳಿದರ್ಧ ಕಟಿಂಗ್ ಮೆಷಿನ್ನಿನ ಕೆಳಗೆ ಬಿದ್ದಿರುತ್ತೆ," ಎಂದ ತಮ್ಮ. "ಮೆಷಿನ್ನಿನ ಕೀಲಿ ಯಾರ ಹತ್ರ ಇರುತ್ತೆ ಅಂತ ನಾನು ಕೇಳಲ್ಲ."

ಲೈಬ್ರರಿಯವರು ಬಗ್ಗಿ ನೋಡಿದರು. ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಓ, ಇದಾ. ನಾನು ಇನ್ನೇನೋ ಅನ್ಕೊಂಡೆ," ಎಂದು ಒಳಗೆ ಹೋಗಿ, ಶೂ ಬರುವ ಒಂದು ರಟ್ಟಿನ ಡಬ್ಬ ತಂದು ನನ್ನ ಮುಂದಿಟ್ಟರು. ಮೇಲೆ ಅಂದವಾದ ಅಕ್ಷರದಲ್ಲಿ ಬರೆದಿತ್ತು: ಬೈಂಡರಮ್ಮನ ವಸ್ತುಗಳು.

ಒಳಗೆ ಬಸ್ ಟಿಕೆಟುಗಳು. ಹಲ್ಲು ಮುರಿದ ಒಂದು ಬಾಚಣಿಗೆ. ನಮ್ಮವರು ಯಾವುದೋ ಊರಿಂದ ಬರೆದ ಕಾಗದ, ಇನ್ನೂ ಒಡೆಯದ್ದು. ಒಂದು ಕಾಲ್ಚೀಲ, ಅದು ಹೇಗೆಂದು ಕೇಳಬೇಡಿ. ಬುಗುರಿಯ ನಾಲ್ಕನೇ ತರಗತಿಯ ಪ್ರೋಗ್ರೆಸ್ ಕಾರ್ಡು. ಅದನ್ನು ಹರಿದು ಹಾಕಿದ್ದೀಯ, ಸುಳ್ಳು ಹೇಳುತ್ತೀಯ ಎಂದು ನಾನವಳನ್ನು ಒಂದು ಇಡೀ ಭಾನುವಾರ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದೆ. ಎಲ್ಲದರ ತಳದಲ್ಲಿ, ಮಡಿಸಿದ ಎರಡು ಹಾಳೆ. ಡಾಕ್ಟರಮ್ಮನ ಪ್ರಶ್ನೆಗಳು. ಎರಡೂ ಇದ್ದವು.

"ವಾಪಸ್ ಕೊಡಬಾರದಿತ್ತಾ ನೀವು?" ಎಂದೆ, ಯಾರಾದರೊಬ್ಬರನ್ನು ಬೈಯಲೇಬೇಕಿತ್ತು.

"ಕೊಟ್ಟಿದ್ದೆನಮ್ಮ, ಮೊದಮೊದಲು. ಆ ಬಾಚಣಿಗೆ ಎರಡು ಸಲ ಕೊಟ್ಟೆ. ಎರಡು ಸಲವೂ ಬೇರೆ ಪುಸ್ತಕದಲ್ಲಿ ಇಟ್ಟು ಕಳಿಸಿದ್ರಿ."

ಬುಗುರಿ ನೆಲದ ಮೇಲೆ ಬಿದ್ದು ನಕ್ಕಳು. ಓದುವ ಕೋಣೆಯಿಂದ ಯಾರೋ ಶ್ ಎಂದರು. ತಮ್ಮ ನಗಲಿಲ್ಲ. ಪ್ರೋಗ್ರೆಸ್ ಕಾರ್ಡನ್ನು ಎತ್ತಿ, ತಿರುಗಿಸಿ ನೋಡಿ, ಬುಗುರಿಗೆ ಕೊಟ್ಟ. "ಜೋಪಾನವಾಗಿ ಇಟ್ಕೊ. ನಮ್ಮ ಕಡೆಯವರ ದಾಖಲೆ."

ಮನೆಯ ದಾರಿಯಲ್ಲಿ ಡಬ್ಬ ಹೊತ್ತವನು ಅವನೇ. ನನ್ನ ಕೈಗೆ ಕೊಡಲಿಲ್ಲ. ಬಾರು ದಾಟುವಾಗ ನಾನು ಹೇಳಿದೆ, "ಮೊನ್ನೆ ಇಲ್ಲಿ ನಿಂತಿದ್ಯಂತೆ."

"ಹೂಂ."

"ಯಾಕೋ?"

"ಕಳ್ಳ ಅನ್ನಿಸ್ಕೊಂಡಾಯ್ತು. ಉಳಿದಿದ್ದೊಂದು ಯಾಕೆ ಬಾಕಿ ಅಂತ." ಸ್ವಲ್ಪ ದೂರ ನಡೆದ. "ರೇಡಿಯೊ ಬಹಳ ಜೋರಿತ್ತು ಅವತ್ತು. ಆಮೇಲೆ ಅವರು ನಕ್ಕರು. ಜೇಬು ಹೊರಗಿಟ್ಕೊಂಡು ಬಾರಿಗೆ ಹೋಗೋನು ಯಾವನು ಅನ್ನಿಸ್ತು."

"ತಪ್ಪಾಯ್ತು ಕಣೋ," ಎಂದೆ. ಅದಕ್ಕಿಂತ ಉದ್ದದ್ದು ಬರಲಿಲ್ಲ.

"ಹಾಗೆಲ್ಲ ಸುಮ್ನೆ ಬಿಡಲ್ಲ ಅಕ್ಕ. ಐದು ದಿನ."

"ಏನು ಐದು ದಿನ?"

ಬುಗುರಿಗೆ ತಕ್ಷಣ ಗೊತ್ತಾಯಿತು. ನನ್ನ ಏಪ್ರನ್ನಿನ ದೊಡ್ಡ ಜೇಬನ್ನು ಹಿಡಿದು ಹೊರಕ್ಕೆಳೆದಳು. ಅದರಿಂದ ಎರಡು ದಬ್ಬಳ, ಒಂದು ಚಮಚ ಮತ್ತು ಕನ್ನಡಕದ ಅಂಗಡಿಯವರು ಒಂದು ತಿಂಗಳಿಂದ ಹುಡುಕುತ್ತಿದ್ದ ಅವರ ಅಳತೆಪಟ್ಟಿ ಕೆಳಗೆ ಬಿದ್ದವು.

ಮರುದಿನದಿಂದ ಏಪ್ರನ್ನು ತಿರುಗಿಸಿ ಹಾಕಿಕೊಂಡು ಕೆಲಸ ಮಾಡಿದೆ. ಗಿರಾಕಿಗಳು ಬಂದರು. ಕೇಳಿದವರಿಗೆಲ್ಲ ತಮ್ಮ, "ಅಕ್ಕನ ಸರದಿ," ಎಂದಷ್ಟೇ ಹೇಳಿದ.

ಎರಡನೇ ದಿನ ಡಾಕ್ಟರಮ್ಮನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವರು ನಕ್ಕು ಮುಗಿಸಲು ಸ್ವಲ್ಪ ಹೊತ್ತು ಬೇಕಾಯಿತು. ಬೀರುವಿಗೆ ಎರಡು ಬೀಗ ಹಾಕಿ, ಒಂದರ ಕೀಲಿ ನಿಮ್ಮಲ್ಲಿ, ಇನ್ನೊಂದರದ್ದು ನಿಮ್ಮ ತಮ್ಮನಲ್ಲಿ. ಇಬ್ಬರೂ ಇದ್ದಾಗಲೇ ತೆರೆಯಲಿ, ಇಬ್ಬರೂ ನೋಡುತ್ತಿರುವಾಗಲೇ ಮುಚ್ಚಲಿ ಎಂದರು. ತಮ್ಮನಿಗೂ ಹೊಸದಾಗಿ ದಿನ ಗೊತ್ತು ಮಾಡಿದರು. ರೇಡಿಯೊಗಳ ವಿಷಯ ಈ ಸಲ ಕುಡಿತದ ವಿಷಯದ ಜೊತೆಗೇ ಮಾತಾಡೋಣ, ಬೇರೆ ಬೇರೆ ಅಲ್ಲ ಎಂದರು. ಫೋನು ಇಡುವ ಮುಂಚೆ ನನ್ನನ್ನು ಕೇಳಿದರು: "ದಿನಕ್ಕೆ ಎಷ್ಟು ಟೀ ಕುಡೀತೀರಿ?"

ನಾನು ಉತ್ತರಿಸುವ ಮೊದಲೇ ತಮ್ಮ ಹಿಂದಿನಿಂದ, "ಹದಿನಾಲ್ಕು," ಎಂದು ಕೂಗಿದ.

"ನಿಮ್ಮ ರೇಡಿಯೊ ಟೀಗೆ ಆಫ್ ಆಗುತ್ತೆ ಅನ್ನಿ," ಎಂದರು ಡಾಕ್ಟರಮ್ಮ. "ಆ ಹಾಳೆ ತುಂಬಿಸಿ ತನ್ನಿ. ಮೂರನೇದು ನಾನು ಕೊಡಲ್ಲ."

ಅವತ್ತೇ ಮಧ್ಯಾಹ್ನ ಮೆಷಿನ್ನಿನ ಕೀಲಿಯನ್ನು ಸೊಂಟದಿಂದ ಬಿಚ್ಚಿ ಮೇಜಿನ ಮೇಲಿಟ್ಟೆ. ಒಂದು ವರ್ಷಕ್ಕೆ ಇನ್ನೂ ಎರಡೂವರೆ ತಿಂಗಳಿತ್ತು. ತಮ್ಮ ಅದನ್ನು ನೋಡಿ, ಮುಟ್ಟದೆ, ನನ್ನ ಕಡೆಗೆ ತಳ್ಳಿದ. "ಒಂದು ವರ್ಷ ಅಂದ್ರೆ ಒಂದು ವರ್ಷ," ಎಂದು ಎದ್ದು ಹೋಗಿ ಕ್ಯಾಲೆಂಡರಿನಲ್ಲಿ ಬಾಕಿ ಬಿದ್ದಿದ್ದ ಗೀಟುಗಳನ್ನೆಲ್ಲ ಒಟ್ಟಿಗೆ ಎಳೆದ. ಏಳು. ಎಳೆದು ಮುಗಿಸಿ ಹಿಂತಿರುಗಿದಾಗ ಅವನ ಅಂಗಿ ಸರಿಯಾದ ಮೈಗೆ ಬಂದಿರುವುದನ್ನು ಆಗಷ್ಟೇ ಗಮನಿಸಿದೆ. ಯಾವಾಗ ತಿರುಗಿಸಿ ಹಾಕಿಕೊಂಡನೋ, ನನಗೆ ಕಂಡಿರಲಿಲ್ಲ.

ಸಂಜೆ ಶಾಲೆಯಿಂದ ಬಂದ ಬುಗುರಿ ಪೆನ್ಸಿಲು ಹಿಡಿದು ಎದುರು ಕೂತಳು. ತಮ್ಮ ಹಾಳೆಯನ್ನು ಓದತೊಡಗಿದ.

"ಒಂದನೇದು. ನಿಮ್ಮ ವಸ್ತುಗಳನ್ನು ಎಲ್ಲಿಟ್ಟಿದ್ದೀರೆಂದು..."

"ಯಾವಾಗಲೂ," ಎಂದೆ.

"ಪ್ರಶ್ನೆ ಮುಗೀಲಿ ಅಮ್ಮ," ಎಂದಳು ಬುಗುರಿ, ಗುರುತು ಹಾಕುತ್ತ.

ನಾಲ್ಕನೇ ಪ್ರಶ್ನೆ ಮುಗಿಯುವಾಗ ಒಲೆಯ ಮೇಲೆ ಅಂಟು ಕುದಿಯಲಿಟ್ಟದ್ದು ನೆನಪಾಯಿತು. ಒಂದೇ ನಿಮಿಷ ಎಂದು ಎದ್ದೆ. ಅಂಟು ಇಳಿಸಿ, ಒಲೆ ಖಾಲಿ ಇದೆಯೆಂದು ಟೀಗೆ ನೀರಿಟ್ಟು, ನೀರು ಕಾಯುವವರೆಗೆ ಎರಡು ರಟ್ಟಿಗೆ ಬಟ್ಟೆ ಅಂಟಿಸಿ, ವಾಪಸು ಬರುವಾಗ ಇನ್ನೊಂದು ಪುಸ್ತಕದ ಹೊಲಿಗೆ ಶುರು ಮಾಡೋಣವೆಂದು ಮೇಜಿನ ಮೇಲಿನ ಕಾಗದಗಳನ್ನೆಲ್ಲ ಬಾಚಿ ಎತ್ತಿಕೊಂಡೆ.

ಕೈಗೆ ಏನೋ ಜಗ್ಗಿತು. ಎತ್ತಿದ ಕಾಗದಗಳಲ್ಲಿ ಒಂದು ಮೇಲಕ್ಕೆ ಬರಲೊಲ್ಲದು.

ಬಗ್ಗಿ ನೋಡಿದೆ. ಪ್ರಶ್ನೆಯ ಹಾಳೆಯ ಮೂಲೆಗೆ ತೂತು ಕೊರೆದು, ನಮ್ಮದೇ ಮೇಣ ಹಚ್ಚಿದ ದಾರ ಪೋಣಿಸಿ, ಮೂರು ಗಂಟು ಹಾಕಿ, ಮೇಜಿನ ಕಾಲಿಗೆ ಬಿಗಿದು ಕಟ್ಟಿತ್ತು.

ಎದುರಿಗೆ ಮಾಮ, ಸೊಸೆ ಇಬ್ಬರೂ ಕೈಕಟ್ಟಿ ಕೂತಿದ್ದರು.

"ಐದನೇದು," ಎಂದ ತಮ್ಮ. "ಕೂತ್ಕೊ ಅಕ್ಕ."